ಎರಡು ರೂಪಾಯಿ, ಒಂದು ಹಿತ್ತಾಳೆ ಚೊಂಬು

ದೊಡ್ಡಪ್ಪನ ಮದುವೆಯ ಮುಯ್ಯಿ ಪುಸ್ತಕ ನನ್ನ ಕೈಗೆ ಸಿಕ್ಕಿದ್ದು ಅಟ್ಟ ಗುಡಿಸುವಾಗ. ಅಂಗಡಿಯವರು ಬಾಕಿ ಬರೆಯುವ ಉದ್ದನೆಯ ಪುಸ್ತಕ. ನಡುವೆ ಹೊಲಿದ ದಾರ ಹಳದಿಗೆ ತಿರುಗಿತ್ತು. ಮೊದಲ ಹಾಳೆಯಲ್ಲಿ ಅರಿಶಿನದಲ್ಲಿ ಅದ್ದಿದ ಹೆಬ್ಬೆಟ್ಟಿನ ಗುರುತು, ಕೆಳಗೆ ‘ಶ್ರೀ’, ಅದರ ಕೆಳಗೆ 1961. ಬರೆಯಲು ಕೂತವನು ಮಂತ್ರದ ಗಲಾಟೆಯಲ್ಲೂ ಶಿಸ್ತಿನ ಮನುಷ್ಯ: ಊರು, ಹೆಸರು, ಹಣ, ಸಾಮಾನು ಅಂತ ನಾಲ್ಕು ಗೆರೆ ಎಳೆದುಕೊಂಡಿದ್ದ. ನಯಾಪೈಸೆ ಬಂದು ನಾಲ್ಕು ವರ್ಷವಾಗಿದ್ದರೂ ಅವನ ಪೆನ್ಸಿಲ್ಲು ಆಣೆಯನ್ನು ಬಿಟ್ಟಿರಲಿಲ್ಲ. ನಾಲ್ಕಾಣೆ, ಎಂಟಾಣೆ, ಒಂದು ರೂಪಾಯಿ, ಒಂದು ಸೇರು ಅಕ್ಕಿ, ಎರಡು ತೆಂಗಿನಕಾಯಿ. ಮೇಲಿಂದ ಮೂರನೆಯ ಸಾಲಿನಲ್ಲಿ ಹೀಗಿತ್ತು: ‘ಸತ್ತೇಗಾಲ. ಹೊಳೇಮನೆ ದೊಡ್ಡವ್ವನ ಕಡೆಯಿಂದ. 2 ರೂ. ಹಿತ್ತಾಳೆ ಚೊಂಬು 1.’

ಮುಯ್ಯಿ ಪುಸ್ತಕವನ್ನು ಓದುವ ಕ್ರಮ ಗೊತ್ತಿದ್ದವರಿಗೆ ಇದು ಸಣ್ಣ ಸಾಲಲ್ಲ. ಮುಯ್ಯಿ ಮಾಡುವಾಗ ಯಾರು ಮೊದಲು, ಯಾರು ಆಮೇಲೆ ಅನ್ನುವುದಕ್ಕೆ ಜಗಳವೇ ಆಗುತ್ತದೆ. ಮೊದಲ ಎರಡು ಸಾಲು ದೊಡ್ಡಪ್ಪನ ಸೋದರತ್ತೆಯರದು, ಅವರ ಮನೆಗಳು ನಮಗೆ ಗೊತ್ತು. ಮೂರನೆಯವರು ಅಷ್ಟು ಹತ್ತಿರದವರಾಗಿದ್ದರೆ, ಅಷ್ಟು ದೊಡ್ಡ ಮುಯ್ಯಿ ಮಾಡಿದ್ದರೆ (ಆ ಪುಸ್ತಕದಲ್ಲಿ ಎರಡು ರೂಪಾಯಿ ದಾಟಿದವರು ಐದೇ ಜನ), ಆಮೇಲೆ ಎಲ್ಲಿಗೆ ಹೋದರು? ಮನೆಯಲ್ಲಿ ಕೇಳಿದೆ. ಅಜ್ಜಿ ತೀರಿಕೊಂಡು ಇಪ್ಪತ್ತೆರಡು ವರ್ಷ. ಅಪ್ಪ, ‘ಅವ್ವನ ಅಕ್ಕ ಒಬ್ಬಳಿದ್ದಳು ಸತ್ತೇಗಾಲದಲ್ಲಿ’ ಅಂದು ಪೇಪರು ತಿರುಗಿಸಿದರು.

ಈ ಅಂಕಣದ ಓದುಗರಲ್ಲಿ ವಂಶಾವಳಿಯ ಹುಚ್ಚು ಹತ್ತಿದವರು ಬರೆಯುವ ಪತ್ರಗಳಲ್ಲಿ ಒಂದು ಹೆಮ್ಮೆ ಇರುತ್ತದೆ: ಏಳು ತಲೆ ಹಿಂದಕ್ಕೆ ಹೋಗಿದ್ದೇನೆ, ಎಂಟಕ್ಕೆ ದಾರಿ ತೋರಿಸಿ. ನನ್ನ ರುಚಿಯೇ ಬೇರೆ. ಏಳನೆಯ ತಲೆಯ ತಾತ ಸಿಕ್ಕಿದರೆ ಅವನು ನಮಗೆ ಒಂದು ಲೋಟ ನೀರೂ ಕೊಡಲಾರ. ಎರಡೇ ತಲೆ ಮೇಲಕ್ಕೆ ಹೋಗಿ, ಅಲ್ಲಿಂದ ಇನ್ನೊಂದು ಕೊಂಬೆ ಹಿಡಿದು ಕೆಳಗಿಳಿದರೆ ಉಸಿರಾಡುವ ಜನ ಸಿಗುತ್ತಾರೆ. ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ಹತ್ತುವಾಗ ಒಬ್ಬ ಅಪ್ಪ, ಅವನಿಗೊಬ್ಬ ಅಪ್ಪ. ಇಳಿಯುವಾಗ ಒಬ್ಬೊಬ್ಬರಿಗೆ ಎಂಟೆಂಟು ಮಕ್ಕಳು, ಅದರಲ್ಲಿ ಅರ್ಧ ಹೆಣ್ಣು, ಆ ಹೆಣ್ಣುಗಳೆಲ್ಲ ಒಂದೊಂದು ಊರಿಗೆ.

ಹೆಣ್ಣಿನ ಕಡೆಯ ಕೊಂಬೆಗೆ ಲೆಕ್ಕ ಇಟ್ಟವರು ಕಡಿಮೆ. ಎತ್ತಿನ ಮೇಲೆ ಕೂತು ಗಂಟೆ ಬಾರಿಸುತ್ತ ಬೆಳಗಿನ ಜಾವ ಬಾಗಿಲಿಗೆ ಬರುವ ಹೆಳವರ ಬಾಯಲ್ಲಿ ಒಕ್ಕಲಿನ ಮನೆಯ ಹಿರಿಯರ ಹೆಸರು ನೀರಿನಂತೆ ಹರಿಯುತ್ತದೆ. ತಾಳೆಗರಿ, ತಾಮ್ರಪಟ ಇಟ್ಟುಕೊಂಡ ಮನೆತನಗಳೂ ಅವರಲ್ಲಿವೆ. ಆದರೆ ನಾನು ಕೂತು ಕೇಳಿದ ಹೇಳಿಕೆಯಲ್ಲಿ ಗಂಡಿನ ಸಾಲು ಗಟ್ಟಿ, ಹೆಣ್ಣುಮಗಳು ಹೊಸ್ತಿಲು ದಾಟಿದಲ್ಲಿಗೆ ಅವಳ ಹಾಡು ಮುಗಿಯುತ್ತದೆ. ಹರಿದ್ವಾರದ ಪಂಡಾಗಳ ವಹಿಗಳೂ ಹೆಚ್ಚಾಗಿ ಅದೇ ದಾರಿಯವು. ಹೆಣ್ಣು ಎಲ್ಲಿಗೆ ಹೋದಳು ಅನ್ನುವುದು ಬರಹದಲ್ಲಿ ಉಳಿದಿದ್ದರೆ ಅದು ಮುಯ್ಯಿ ಪುಸ್ತಕದಲ್ಲಿ. ನಾವು ಅದನ್ನೇ ಒಲೆ ಹಚ್ಚಲು ಹರಿಯುತ್ತೇವೆ.

ಸತ್ತೇಗಾಲ ನಮ್ಮೂರಿನಿಂದ ದೂರವಲ್ಲ. ನಮ್ಮದು ಯಳಂದೂರಿನ ಪಕ್ಕ. ಅಲ್ಲಿಂದ ಕೊಳ್ಳೇಗಾಲಕ್ಕೆ ಬಸ್ಸಿನಲ್ಲಿ ಅರ್ಧ ಗಂಟೆ, ಅಲ್ಲಿಂದ ಮಳವಳ್ಳಿ ರಸ್ತೆ ಹಿಡಿದರೆ ಇನ್ನೊಂದರ್ಧ ಗಂಟೆ. ಆದರೆ ಅಜ್ಜಿ ಮದುವೆಯಾಗಿ ಬಂದ ಕಾಲಕ್ಕೆ ಇವು ಎರಡು ಬೇರೆ ಸೀಮೆ. ಯಳಂದೂರು ಮೈಸೂರು ಮಹಾರಾಜರದು. 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಿಯಾಗಿ ಹೋದದ್ದು. ಕೊಳ್ಳೇಗಾಲ 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕಂಪನಿಯ ಪಾಲಾಗಿ, 1956ರ ನವೆಂಬರ್ 1ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಆಮೇಲೆ ಮೈಸೂರು ಜಿಲ್ಲೆ, 1997ರಿಂದ ಚಾಮರಾಜನಗರ ಜಿಲ್ಲೆ. ಹನೂರು ಬೇರೆ ತಾಲ್ಲೂಕಾದದ್ದು ಮೊನ್ನೆ ಮೊನ್ನೆ. ಊರು ಇದ್ದಲ್ಲೇ ಇತ್ತು, ಅದರ ಕಾಗದಗಳು ಮಾತ್ರ ಊರೂರು ಅಲೆದವು.

ಹುಡುಕುವವನಿಗೆ ಇದರ ಬಿಸಿ ತಟ್ಟುತ್ತದೆ. ನಿಮ್ಮ ಮುತ್ತಾತ ಕೊಳ್ಳೇಗಾಲ ತಾಲ್ಲೂಕಿನವನಾದರೆ, ಅವನ ಕಾಲದ ಜಿಲ್ಲಾ ಕಡತಗಳಿಗೆ ಬೆಂಗಳೂರಿನ ಪತ್ರಾಗಾರದಲ್ಲಿ ಎಷ್ಟು ಧೂಳು ಕುಡಿದರೂ ಪ್ರಯೋಜನ ಕಡಿಮೆ. ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರದ ಮೆಟ್ಟಿಲು ಹತ್ತಬೇಕು. ಹೆಸರಿನ ಮುಂದಿನ ಅಕ್ಷರವನ್ನೂ ನಂಬುವಂತಿಲ್ಲ. ಮೈಸೂರು ಕಡೆ ಊರಿನದೊಂದು, ಅಪ್ಪನದೊಂದು ಇನಿಷಿಯಲ್ಲು ಸಾಮಾನ್ಯ. ಮದರಾಸು ಕಡೆ ಎಷ್ಟೋ ಸಲ ಅಪ್ಪನದೊಂದೇ. ಸಾಲದ್ದಕ್ಕೆ ಸತ್ತೇಗಾಲದ ಪಕ್ಕದ ಶಿವನಸಮುದ್ರ ಜಹಗೀರಿ. ಹೊಳೆಗೆ ಕಲ್ಲುಕಂಬದ ಸೇತುವೆ ಕಟ್ಟಿಸಿದ್ದಕ್ಕೆ ರಾಮಸ್ವಾಮಿ ಮೊದಲಿಯಾರರಿಗೆ ಸಿಕ್ಕಿದ್ದು. ಜಹಗೀರಿ ಹಳ್ಳಿಗಳ ಲೆಕ್ಕ ಜಹಗೀರಿಯ ಕಚೇರಿಯಲ್ಲಿ, ಸರ್ಕಾರದ್ದು ಸರ್ಕಾರದ ಕಚೇರಿಯಲ್ಲಿ.

ಇದು ದೇಶದ ಆಚೆಗೂ ಹೋಗುವ ತೊಡಕು. ಮದರಾಸಿನಿಂದ ಹೊರಟ ‘ಟ್ರೂರೋ’ ಹಡಗು 1860ರ ನವೆಂಬರ್ 16ರಂದು ದಕ್ಷಿಣ ಆಫ್ರಿಕಾದ ಡರ್ಬನ್ ಮುಟ್ಟಿತು. ಆಗಿನಿಂದ 1911ರವರೆಗೆ ಸುಮಾರು ಒಂದೂವರೆ ಲಕ್ಷ ಜನ, ಹೆಚ್ಚಾಗಿ ಕಬ್ಬಿನ ತೋಟದ ಕೂಲಿಗೆ, ಅಲ್ಲಿಗೆ ಹೋದರು. ಹಡಗಿನ ಪಟ್ಟಿಗಳಲ್ಲಿ ಅವರ ಹೆಸರು, ಅಪ್ಪನ ಹೆಸರು, ವಯಸ್ಸು, ಜಾತಿ, ಜಿಲ್ಲೆ, ತಾಲ್ಲೂಕು, ಹಳ್ಳಿ ಎಲ್ಲ ಇದೆ. ಅವರ ಮರಿಮಕ್ಕಳು ಈಗ ಅದೇ ಪಟ್ಟಿ ಹಿಡಿದು ಊರು ಹುಡುಕಿಕೊಂಡು ಬರುತ್ತಾರೆ. ಅದರಲ್ಲಿ ಯಾರದಾದರೂ ತಾಲ್ಲೂಕು ಕೊಳ್ಳೇಗಾಲವಾಗಿದ್ದರೆ ಅವರ ಜಿಲ್ಲೆ ಕೊಯಮತ್ತೂರು. ಮರಿಮೊಮ್ಮಗಳು ಕೊಯಮತ್ತೂರಿನಲ್ಲಿ ಇಳಿದು ತಮಿಳಿನಲ್ಲಿ ವಿಚಾರಿಸುತ್ತಾಳೆ. ಅವಳ ದಾಯಾದಿಗಳು ಬೆಟ್ಟದ ಈಚೆ ಕನ್ನಡದಲ್ಲಿ ಎಮ್ಮೆ ಕಾಯುತ್ತಿರುತ್ತಾರೆ.

ನನ್ನ ಕೆಲಸ ಅಷ್ಟು ದೂರದ್ದಲ್ಲ. ಒಂದು ಶನಿವಾರ ಬೆಳಿಗ್ಗೆ ಸತ್ತೇಗಾಲ ಹ್ಯಾಂಡ್‌ಪೋಸ್ಟಿನಲ್ಲಿ ಇಳಿದೆ. ಭರಚುಕ್ಕಿ ನೋಡಲು ಬಂದವರ ಕಾರುಗಳು, ಜೋಳ ಸುಡುವ ಗಾಡಿಗಳು. ಟೀ ಅಂಗಡಿಯಲ್ಲಿ ‘ಹೊಳೇಮನೆ ಎಲ್ಲಿ?’ ಅಂದೆ. ಹೊಳೆ ದಂಡೆಯ ಊರಿನಲ್ಲಿ ಅದೆಂಥ ಪ್ರಶ್ನೆ! ‘ಯಾವ ಹೊಳೇಮನೆ? ಇಲ್ಲೆಲ್ಲ ಹೊಳೇಮನೇನೆ’ ಅಂತ ಒಬ್ಬ ನಕ್ಕ. ಇನ್ನೊಬ್ಬರು, ಪಂಚೆ ಮೇಲೆತ್ತಿ ಕಟ್ಟಿದ ಹಿರಿಯರು, ಕೇಳಬೇಕಾದ್ದನ್ನು ಕೇಳಿದರು: ‘ಯಾರ ಪೈಕಿ?’

ಇಂಗ್ಲಿಷ್ ಕಲಿತವರು ನಿಮ್ಮ ಹೆಸರೇನು ಅಂತ ಶುರು ಮಾಡುತ್ತಾರೆ. ನಮ್ಮ ಕಡೆ ಹೆಸರು ಕೊನೆಗೆ. ಅದರಿಂದ ಉಪಯೋಗವೂ ಅಷ್ಟಕ್ಕಷ್ಟೆ. ಕೊಳ್ಳೇಗಾಲ, ಹನೂರು ಕಡೆಯ ಯಾವ ಊರಿನ ಮತದಾರರ ಪಟ್ಟಿ ತೆಗೆದರೂ ಮಾದೇವ, ಮಾದಪ್ಪ, ಮಹದೇವಮ್ಮ, ಸಿದ್ದಯ್ಯ, ಸಿದ್ದಮ್ಮ, ರಂಗಸ್ವಾಮಿ. ಆ ಹೆಸರು ಹೇಳುವುದು ಮನುಷ್ಯನನ್ನಲ್ಲ, ಅವನ ಮನೆದೇವರನ್ನು: ಏಳುಮಲೆಯ ಮಾದಪ್ಪನೋ, ಚಿಕ್ಕಲ್ಲೂರಿನ ಸಿದ್ದಪ್ಪಾಜಿಯೋ, ಬಿಳಿಗಿರಿ ರಂಗನೋ ಅಂತ. ನಮ್ಮದು ಸಿದ್ದಪ್ಪಾಜಿ ಒಕ್ಕಲು ಅಂದೆ. ಹಿರಿಯರ ಪಟ್ಟಿ ಅರ್ಧಕ್ಕೆ ಇಳಿಯಿತು. ಅಜ್ಜಿಯ ಅಪ್ಪನಿಗೆ ಗಂಡುಮಕ್ಕಳಿರಲಿಲ್ಲ, ಮೂರೂ ಹೆಣ್ಣು ಅಂದೆ. ‘ಓ, ಮನೆಅಳಿಯನ ತಂದ್ಕಂಡಿದ್ರಲ್ಲ, ಆ ಮನೆಯಾ?’ ಅಂದರು. ಇಷ್ಟಕ್ಕೆ ಒಂದು ಟೀ ಖರ್ಚಾಗಿತ್ತು.

ಇಲ್ಲಿ ಒಂದು ತಪ್ಪು ಮಾಡಿದೆ. ಹೊಸಬರು ಗಮನಿಸಲಿ. ಚೀಲದಲ್ಲಿ ನಾನು ನೀಟಾಗಿ ಬರೆದ ವಂಶವೃಕ್ಷದ ಹಾಳೆ ಇತ್ತು. ಮನೆ ಮುಂದೆ ನಿಂತು, ಬಾಗಿಲಿಗೆ ಬಂದ ನಡುವಯಸ್ಸಿನ ಗಂಡಸಿಗೆ ‘ನಾನು ವಂಶವೃಕ್ಷ ಮಾಡ್ತಾ ಇದೀನಿ’ ಅಂದೆ. ಅವರ ಮುಖ ಕಲ್ಲಾಯಿತು. ಹಳ್ಳಿಯಲ್ಲಿ ಆ ಮಾತಿಗೆ ಒಂದೇ ಅರ್ಥ: ನಾಡಕಚೇರಿಗೆ ಅರ್ಜಿ, ಪೌತಿ ಖಾತೆ, ಭಾಗ. 1994ರಿಂದ ಕರ್ನಾಟಕದಲ್ಲಿ, 2005ರಿಂದ ದೇಶಕ್ಕೆಲ್ಲ, ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲಿನ ಕಾನೂನು ಬಂದ ಮೇಲೆ, ಅರವತ್ತು ವರ್ಷದಿಂದ ಮುಖ ತೋರಿಸದ ಹೆಣ್ಣಿನ ಕಡೆಯವನು ಕೈಯಲ್ಲಿ ಕಾಗದ ಹಿಡಿದು ಬಂದರೆ ಏನಂದುಕೊಳ್ಳಬೇಕು? ‘ಜಮೀನು ಎಲ್ಲ ನಮ್ಮಪ್ಪನ ಕಾಲಕ್ಕೇ ಮಾರಾಗದ’ ಅಂದರು, ನಾನು ಕೇಳದೆಯೇ. ಅಜ್ಜಿಗಿಂತ ಹಿಂದಿನ ಮೂರು ತಲೆಯ ಆಸ್ತಿ ಇತಿಹಾಸವನ್ನು ಬಾಗಿಲಲ್ಲೇ ನಿಂತು ಒಪ್ಪಿಸಿದರು. ಪತ್ರಾಗಾರದಲ್ಲಿ ಒಂದು ತಿಂಗಳು ಕೂತರೂ ಸಿಗದ ಮಾಹಿತಿ. ಬರೆದುಕೊಳ್ಳಲು ಪೆನ್ನು ತೆಗೆಯುವ ಧೈರ್ಯ ನನಗಿರಲಿಲ್ಲ.

ನನ್ನನ್ನು ಉಳಿಸಿದ್ದು ಚೊಂಬು. ನಮ್ಮ ಮನೆಯ ದೇವರ ಗೂಡಿನಲ್ಲಿ ಕಳಶಕ್ಕೆ ಇಡುತ್ತಿದ್ದ ಹಿತ್ತಾಳೆ ಚೊಂಬನ್ನು, ಯಾಕೋ ಅನುಮಾನ ಬಂದು, ಜೊತೆಗೆ ಹಾಕಿಕೊಂಡು ಹೋಗಿದ್ದೆ. ಹೊರಡುವ ಮುಂಚೆ ಹುಣಸೆಹಣ್ಣು ಹಾಕಿ ಉಜ್ಜಿದಾಗ ಕಂಠದ ಕೆಳಗೆ ಚುಕ್ಕಿ ಚುಕ್ಕಿಯಾಗಿ ಕೊರೆದ ಅಕ್ಷರ ಮೂಡಿತ್ತು. ಪಾತ್ರೆ ಅಂಗಡಿಯವರು ಉಳಿಯಿಂದ ಟಕ ಟಕ ಹೊಡೆದು ಕೊರೆಯುತ್ತಿದ್ದರಲ್ಲ, ಹಾಗೆ: ‘ಹೊ. ಸಿದ್ದಮ್ಮ, ಸತ್ತೇಗಾಲ’. ‘ಗಾ’ದ ದೀರ್ಘಕ್ಕೆ ಜಾಗ ಸಾಲದೆ ಕೊರೆಯುವವನು ಅದನ್ನು ಮೇಲಕ್ಕೆ ತಿರುಗಿಸಿದ್ದ. ಹೊಸಬರಿಗೆ ಒಂದು ಮಾತು: ನಿಮ್ಮ ಮನೆಯ ಹಳೆಯ ತಟ್ಟೆ, ತಪ್ಪಲೆ, ಕೊಳಗವನ್ನೆಲ್ಲ ಒಮ್ಮೆ ಉಜ್ಜಿ ಬೆಳಕಿಗೆ ಹಿಡಿಯಿರಿ. ಹಳೇ ಪಾತ್ರೆ ಕೊಟ್ಟು ಸ್ಟೀಲು ತಗೊಂಡವರಿಗೆ ನನ್ನ ಸಂತಾಪ.

ಗಂಡಸು ಚೊಂಬನ್ನು ತಿರುಗಿಸಿ ನೋಡಿ, ಒಂದು ಮಾತೂ ಆಡದೆ ಒಳಗೆ ಒಯ್ದರು. ಸ್ವಲ್ಪ ಹೊತ್ತಿಗೆ ಒಬ್ಬ ಮುದುಕಿ ಗೋಡೆ ಹಿಡಿದುಕೊಂಡು ಬಂದು ಜಗಲಿಯ ಮೇಲೆ ಕೂತರು. ಚೊಂಬು ಮಡಿಲಲ್ಲಿತ್ತು. ಅಕ್ಷರ ಓದಲು ಬರದವರು ಆ ಚುಕ್ಕಿಗಳ ಮೇಲೆ ಬೆರಳಾಡಿಸುತ್ತಿದ್ದರು. ‘ನಮ್ಮವ್ವಂದು’ ಅಂದರು. ಆಮೇಲೆ, ‘ಚಿಕ್ಕವ್ವ ಚೆನ್ನಾಗವ್ಳ?’

ಚಿಕ್ಕವ್ವ ಅಂದರೆ ನನ್ನ ಅಜ್ಜಿ. ಇಂಥ ಹೊತ್ತಿಗೆ ಏನು ಹೇಳಬೇಕೆಂದು ಯಾವ ಪುಸ್ತಕವೂ ಕಲಿಸುವುದಿಲ್ಲ. ಇಪ್ಪತ್ತೆರಡು ವರ್ಷದ ಹಿಂದೆ ತೀರಿಕೊಂಡರು ಅಂದೆ. ಅವರು ಅಳಲಿಲ್ಲ. ‘ನಮ್ಗ ಯಾರೂ ಹೇಳ್ನಿಲ್ಲ ಕನ ಮಗ’ ಅಂದು ಚೊಂಬನ್ನು ಪಕ್ಕಕ್ಕಿಟ್ಟರು. ಎದ್ದು ಹಿತ್ತಲಿಗೆ ಹೋದರು. ಸೊಸೆ ‘ಬಿಸಿನೀರು ಕಾಯ್ಸಿ ಕೊಡ್ತಿನಿ ಇರವ್ವ’ ಅಂದದ್ದು, ಇವರು ಬೇಡ ಅಂದದ್ದು ಕೇಳಿಸಿತು. ತೊಟ್ಟಿಯಿಂದ ಮೊಗೆದು ತಲೆ ಮೇಲೆ ಸುರಿದುಕೊಂಡ ನೀರು ಕಲ್ಲಿನ ಮೇಲೆ ಬಿದ್ದ ಸದ್ದು ಮೂರು ಸಲ.

ಸಾವಿನ ಸುದ್ದಿ ಯಾವಾಗ ಕಿವಿಗೆ ಬಿದ್ದರೂ ಅವತ್ತು ನೀರು ಹಾಕಿಕೊಳ್ಳಬೇಕು. ಸೂತಕ ಇರುವ ಮನೆಗಳಲ್ಲಿ ಯಾರಿಗೆ ಹನ್ನೊಂದು ದಿನ, ಯಾರಿಗೆ ಮೂರು ದಿನ, ಯಾರಿಗೆ ಬರೀ ಒಂದು ಸ್ನಾನ ಅನ್ನುವುದು ನೆಂಟಸ್ತನದ ಅಳತೆಕೋಲು. ಲಿಂಗಾಯತ ಮನೆಗಳಲ್ಲಿ ಸೂತಕವಿಲ್ಲ. ಅಲ್ಲಿ ಬೆಡಗು, ಮಠ ಹಿಡಿದು ಹುಡುಕಬೇಕು. ಹಿಂದೆ ಸಾವು ಹೇಳಲು ಊರೂರಿಗೆ ಒಬ್ಬನನ್ನು ಅಟ್ಟುತ್ತಿದ್ದರು. ಯಾವ ಊರಿನ ಯಾವ ಬಾಗಿಲಿಗೆ ಹೋಗಬೇಕೆಂದು ಅವನಿಗೆ ಬಾಯಿಪಾಠ. ಫೋನು ಬಂದು ಅವನು ಹೋದ, ಅವನ ತಲೆಯಲ್ಲಿದ್ದ ಪಟ್ಟಿಯೂ ಹೋಯಿತು. ನಮ್ಮ ಅಜ್ಜಿ ಸತ್ತಾಗ ಯಾರಿಗೆ ಹೇಳಬೇಕು ಅಂತ ಕೂತು ಬರೆದ ಪಟ್ಟಿಯಲ್ಲಿ ಸತ್ತೇಗಾಲ ಇರಲಿಲ್ಲ. ಬರೆದವನು ನಾನೇ.

ಒದ್ದೆ ಕೂದಲಲ್ಲಿ ವಾಪಸು ಬಂದ ಮೇಲೆ ಅವರ ಬಾಯಿ ಬಿಚ್ಚಿತು. ನನ್ನ ಹಾಳೆಯನ್ನು ಮಗನಿಂದ ಓದಿಸಿ ಕೇಳಿಸಿಕೊಂಡು, ನಾನು ಎಳೆದ ಗೆರೆಗಳೆಲ್ಲ ತಪ್ಪು ಅಂದರು. ಅಜ್ಜಿಯ ಅಕ್ಕನಿಗೆ ಮನೆಅಳಿಯನಾಗಿ ಬಂದವರು ಬೇರೆ ಯಾರೂ ಅಲ್ಲ, ಆ ಅಕ್ಕತಂಗಿಯರ ಸ್ವಂತ ಸೋದರಮಾವ. ಅಂದರೆ ಈಕೆ ನನ್ನ ಅಜ್ಜಿಗೆ ಅಕ್ಕನ ಮಗಳೂ ಹೌದು, ಮಾವನ ಮಗಳೂ ಹೌದು. ನನಗೆ ಒಂದು ಕಡೆಯಿಂದ ಅತ್ತೆ, ಇನ್ನೊಂದು ಕಡೆಯಿಂದ ಅಜ್ಜಿ. ನಮ್ಮ ಕಡೆ ವಂಶ ಮರದ ಹಾಗೆ ಕವಲೊಡೆಯುವುದಿಲ್ಲ, ಬಿದಿರು ಬುಟ್ಟಿಯ ಹಾಗೆ ಒಂದರೊಳಗೊಂದು ಹೆಣೆದುಕೊಳ್ಳುತ್ತದೆ. ಎಂಜಲು ಕೊಟ್ಟು ಡಿಎನ್‌ಎ ಪರೀಕ್ಷೆ ಮಾಡಿಸಿ ಅಮೆರಿಕದಿಂದ ನನಗೆ ಫಲಿತಾಂಶ ಕಳಿಸುವ ಓದುಗರು ಇದನ್ನು ನೆನಪಿಡಬೇಕು. ಆ ಕಂಪನಿಗಳು ‘ಇವರು ನಿಮಗೆ ಎರಡನೇ ಕಸಿನ್’ ಅನ್ನುವುದು ಎಷ್ಟು ಉದ್ದದ ತುಣುಕು ಹಂಚಿಕೆಯಾಗಿದೆ ಅನ್ನುವ ಅಳತೆಯ ಮೇಲೆ. ಒಳಗೊಳಗೇ ಹೆಣ್ಣು ಕೊಟ್ಟು ತಂದ ಜನರಲ್ಲಿ ಆ ಅಳತೆ ಉಬ್ಬುತ್ತದೆ. ದೂರದವರು ಹತ್ತಿರದವರಂತೆ ಕಾಣುತ್ತಾರೆ. ಮತ್ತೆ ಆ ಕಸಿನ್ ಅನ್ನುವ ಮಾತೇ ನಮಗೆ ಒಗ್ಗುವುದಿಲ್ಲ. ಚಿಕ್ಕವ್ವನ ಮಗ ತಮ್ಮ, ಮಾವನ ಮಗ ಭಾವ. ಇಬ್ಬರನ್ನೂ ಒಂದೇ ಪದದಲ್ಲಿ ಕಟ್ಟಿದರೆ ಮದುವೆ ಮಾತುಕತೆಯೇ ಸಾಧ್ಯವಿಲ್ಲ.

ಮೂರನೆಯ ತಂಗಿಯನ್ನು ತಾಳವಾಡಿ ಕಡೆಗೆ ಕೊಟ್ಟಿದ್ದರಂತೆ. ಅದು ಇನ್ನೊಂದು ವಿಚಿತ್ರ. 1956ರವರೆಗೆ ಸತ್ತೇಗಾಲ, ತಾಳವಾಡಿ ಎರಡೂ ಕೊಯಮತ್ತೂರು ಜಿಲ್ಲೆಯವೇ. ಅಜ್ಜಿಯೊಬ್ಬಳೇ ಆಚೆ ಸೀಮೆಯವಳು. ಗೆರೆ ಬದಲಾದ ಮೇಲೆ ಸತ್ತೇಗಾಲ, ಯಳಂದೂರು ಒಂದಾಗಿ, ಕನ್ನಡವೇ ಮನೆಮಾತಾದ ತಾಳವಾಡಿ ಮದರಾಸಿನಲ್ಲೇ ಉಳಿಯಿತು. ಈಗ ಈರೋಡು ಜಿಲ್ಲೆ. ವಿಳಾಸ ಕೇಳಿದೆ. ‘ಅಡ್ರೆಸ್ಸು ಯಾಕ? ಚಿಕ್ಕಲ್ಲೂರ್ಗ ಬತ್ತರ’ ಅಂದರು.

ಬನದ ಹುಣ್ಣಿಮೆಗೆ ಶುರುವಾಗುವ ಚಿಕ್ಕಲ್ಲೂರು ಜಾತ್ರೆ ಐದು ದಿನದ್ದು. ಮೊದಲ ರಾತ್ರಿ ಚಂದ್ರಮಂಡಲ ಹೊತ್ತಿಸುತ್ತಾರೆ, ಉರಿ ಯಾವ ದಿಕ್ಕಿಗೆ ವಾಲಿತು ಅಂತ ನೋಡಿ ಮಳೆ ಬೆಳೆಯ ಮಾತಾಡುತ್ತಾರೆ. ನಾಲ್ಕನೆಯ ದಿನ ಪಂಕ್ತಿಸೇವೆ: ಒಕ್ಕಲುಗಳೆಲ್ಲ ಬಿಡಾರ ಹೂಡಿ, ಅಡಿಗೆ ಮಾಡಿ, ಬಂಧುಬಳಗ ಸಾಲಾಗಿ ಕೂತು ಉಣ್ಣುವುದು. ಪ್ರಾಣಿಬಲಿ ನಿಷೇಧದ ವಿಷಯದಲ್ಲಿ ಈಚೆಗೆ ವರ್ಷವೂ ಜಗ್ಗಾಟ, ಪೊಲೀಸು. ಆದರೂ ಬಿಡಾರ ನಿಂತಿಲ್ಲ. ಗಮನಿಸಿದವರಿಗೆ ಗೊತ್ತು, ಒಂದು ಮನೆತನ ಪ್ರತಿ ವರ್ಷ ಒಂದೇ ಮರದ ಬುಡಕ್ಕೆ, ಒಂದೇ ಬಂಡೆಯ ಮಗ್ಗುಲಿಗೆ ಒಲೆ ಹೂಡುತ್ತದೆ. ಯಾರೂ ಗುರುತು ಹಾಕಿರುವುದಿಲ್ಲ, ಬೇರೆಯವರು ಅಲ್ಲಿ ಇಳಿಯುವುದೂ ಇಲ್ಲ. ಅತ್ತೆ ಮರದ ಗುರುತು ಹೇಳಿದರು. ಜನವರಿಯಲ್ಲಿ ಹೋದೆ. ಮರವಿತ್ತು, ಅದರ ಕೆಳಗೆ ತಮಿಳುನಾಡಿನ ನಂಬರಿನ ಎರಡು ಟೆಂಪೋ, ಮೂವತ್ತು ಜನ, ನಮ್ಮ ದೊಡ್ಡಪ್ಪನದೇ ಮೂಗು. ಅವರ ಕತೆ ಇನ್ನೊಂದು ವಾರಕ್ಕಿರಲಿ.

ಸತ್ತೇಗಾಲಕ್ಕೂ ನಮಗೂ ಹೊಕ್ಕು ಬಳಕೆ ನಿಂತದ್ದು ಯಾಕೆ ಅನ್ನುವುದು ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ. ಆವತ್ತು ಊಟಕ್ಕೆ ಕೂತಾಗ ಅತ್ತೆಯೇ ತೆಗೆದರು. ದೊಡ್ಡಪ್ಪನ ಮದುವೆಗೆ ಅವರು ಎತ್ತಿನ ಗಾಡಿ ಕಟ್ಟಿಕೊಂಡು ಬಂದಿದ್ದರು. ಗಾಡಿಯಲ್ಲಿ ಎಷ್ಟು ಜನ, ಯಾರ ಮಗು ವಾಂತಿ ಮಾಡಿತು, ಸಾರಿಗೆ ಉಪ್ಪು ಜಾಸ್ತಿಯಾಗಿತ್ತು, ಎಲ್ಲ ನೆನಪಿದೆ. ಮೂರು ವರ್ಷದ ಮೇಲೆ ಇವರ ಮದುವೆಯಾಯಿತು. ನಮ್ಮ ಮನೆಯಿಂದ ಒಂದು ನರಪಿಳ್ಳೆಯೂ ಹೋಗಲಿಲ್ಲ. ‘ಮುಯ್ಯಿ ತಕಂಡ್ರು, ತಿರ್ಗ ಹಾಕ್ನಿಲ್ಲ’ ಅಂದರು. ಅರವತ್ತು ವರ್ಷದ ಹಿಂದಿನದು, ನಿನ್ನೆಯದೆಂಬಂತೆ. ಮನೆಗೆ ಬಂದು ಅಪ್ಪನನ್ನು ಕೇಳಿದರೆ, ಆ ವರ್ಷ ಅವ್ವ ಬಾಣಂತಿ, ಕಾಗದ ಬಂದದ್ದು ಲಗ್ನದ ಮಾರನೆಯ ದಿನ ಅನ್ನುತ್ತಾರೆ. ಅತ್ತೆಗೆ ಅದನ್ನು ಹೇಳಿದೆ. ‘ಬಾಣಂತಿ ಮಗ್ಗ ಆಗ ವರ್ಷ ತುಂಬಿತ್ತು’ ಅಂದರು. ಆ ಮಗು ನಮ್ಮ ಚಿಕ್ಕಪ್ಪ. ಶಾಲೆಯ ದಾಖಲೆಯಲ್ಲಿರುವ ಹುಟ್ಟಿದ ದಿನ ಮೇಷ್ಟರು ಊಹಿಸಿ ಬರೆದದ್ದು. ಹಾಗಾಗಿ ಅದೂ ಸಾಕ್ಷಿಗೆ ಬರುವುದಿಲ್ಲ.

ಮುಂದಿನ ತಿಂಗಳು ಕೊಳ್ಳೇಗಾಲದ ಛತ್ರದಲ್ಲಿ ಅತ್ತೆಯ ಮೊಮ್ಮಗಳ ಮದುವೆ. ಲಗ್ನಪತ್ರಿಕೆಗೆ ಅರಿಶಿನ ಹಚ್ಚಿ, ಬಾಗಿಲಲ್ಲಿ ನನ್ನನ್ನು ತಡೆದಿದ್ದ ಅವರ ಮಗನೇ ಬಂದು ಅಪ್ಪನ ಕೈಗಿಟ್ಟು ಹೋಗಿದ್ದಾರೆ. 1961ರ ಎರಡು ರೂಪಾಯಿ ಈಗ ಎಷ್ಟಾಗುತ್ತದೆ ಅಂತ ಮನೆಯಲ್ಲಿ ಎರಡು ದಿನದಿಂದ ಚರ್ಚೆ. ಅಪ್ಪ ಚಿನ್ನದ ಲೆಕ್ಕ ಹಿಡಿಯಬೇಕೆನ್ನುತ್ತಾರೆ, ಅಮ್ಮ ಅಕ್ಕಿಯ ಲೆಕ್ಕ ಸಾಕೆನ್ನುತ್ತಾರೆ. ಚೊಂಬಿಗೆ ಮಾತ್ರ ಮೈಸೂರಿನ ಪಾತ್ರೆ ಅಂಗಡಿಯೊಂದರಲ್ಲಿ ಹೇಳಿಟ್ಟಿದ್ದೇನೆ. ಹೆಸರು ಮಿಷಿನ್ನಿನಲ್ಲಿ ಕೊರೆಯುತ್ತಾರಂತೆ. ಚುಕ್ಕಿಯಲ್ಲಿ ಕೊರೆಯುವವರು ಯಾರಾದರೂ ಉಳಿದಿದ್ದಾರಾ ಅಂತ ವಿಚಾರಿಸುತ್ತಿದ್ದೇನೆ.